ಆಲ್ಬಮ್‌ನಲ್ಲಿ ಕೊಡಗಿನ ಮದುಮಗಳು ಎಲ್ಲಿ?

ಗುಂಪು: ಹತ್ತನೇ ಕ್ಲಾಸ್ 1989, ಮಡಿಕೇರಿ

ಪೊನ್ನಪ್ಪ: [ಫೋಟೋ] ಅಪ್ಪನ ಆಲ್ಬಮ್‌ನ ಒಂದು ಹಾಳೆ. 1980ರ ಮದುಮಗಳ ಸ್ಟಾಂಪುಗಳು. ರಾಜಸ್ಥಾನ, ತಮಿಳುನಾಡು, ಬಂಗಾಳ, ಕಾಶ್ಮೀರ. ನಮ್ಮ ಹೆಣ್ಣು ಎಲ್ಲಿ, ಹೇಳಿ?

ಕಾವೇರಿ: ಇರೋದೇ ನಾಲ್ಕು ಸ್ಟಾಂಪ್ ಕಣೋ. ದೇಶದ ಮದುಮಗಳನ್ನೆಲ್ಲ ಕೂರಿಸೋಕೆ ಅದೇನು ಛತ್ರವಾ?

ಪೊನ್ನಪ್ಪ: ನಗಬೇಡ. ನಮ್ಮ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಸ್ಟಾಂಪ್ 1995ರಲ್ಲಿ ಬಂತು. ಜನರಲ್ ತಿಮ್ಮಯ್ಯನವರದ್ದನ್ನು 1966ರಲ್ಲಿ ಸೈಪ್ರಸ್ ದೇಶವೇ ತಂದಿತು. ಅಲ್ಲಿ ವಿಶ್ವಸಂಸ್ಥೆಯ ಪಡೆ ನಡೆಸುತ್ತಿದ್ದಾಗಲೇ ತೀರಿಕೊಂಡರಲ್ಲ. ಇಬ್ಬರೂ ಬಂದದ್ದು ಸೈನ್ಯದ ಲೆಕ್ಕದಲ್ಲಿ. ಗಂಡಸರ ಕುಪ್ಯ ಅಂಗಿ, ಸೊಂಟದ ಪೀಚೆಕತ್ತಿ, ಹೆಂಗಸರ ಉಮ್ಮತ್ತಾಟ್ ಕುಣಿತ ಯಾವ ಲೆಕ್ಕಕ್ಕೆ? ಸ್ಟಾಂಪಿನಲ್ಲಿ ಬಂದರೆ ಉಳಿಯುತ್ತೆ.

ದಾಮೋದರ: ಏನು ಉಳಿಯುತ್ತೆ ಮಾರಾಯ? 1974ರ ಮುಖವಾಡದ ಸ್ಟಾಂಪುಗಳು ನನ್ನ ಹತ್ತಿರವೂ ಇವೆ. ಸೂರ್ಯ, ಚಂದ್ರ, ನರಸಿಂಹ, ರಾವಣ. ಅದನ್ನು ಕಟ್ಟಿಕೊಂಡು ಕುಣಿಯುವವನ ಬೆವರು ಅದರಲ್ಲಿದೆಯಾ?

ರಝಾಕ್: ಬಿಹಾರದ ಮಧುಬನಿ ಚಿತ್ರ ಅನ್ನೋದು ಒಂದಿದೆ ಅಂತ ನನಗೆ ಗೊತ್ತಾಗಿದ್ದೇ 2000ದ ಸ್ಟಾಂಪ್ ನೋಡಿ. ಅಷ್ಟಾದರೂ ಆಯ್ತಲ್ವಾ?

ರಝಾಕ್: ಅಂದಹಾಗೆ 2017ರಲ್ಲಿ ಕಾಫಿ ವಾಸನೆಯ ಸ್ಟಾಂಪ್ ಬಂತು. 100 ರೂಪಾಯಿ ಕೊಟ್ಟು ತಂದೆ. ಮನೆಯವಳು ಹಿತ್ತಲಿನ ಗಿಡ ತೋರಿಸಿ ನಕ್ಕಳು 😀

ಕಾವೇರಿ: ಪೊನ್ನಪ್ಪ, ನಮ್ಮ ಸೀರೆಯ ನೆರಿಗೆ ಇರೋದು ಹಿಂದೆ. ತಲೆವಸ್ತ್ರದ ಗಂಟೂ ಹಿಂದೆ. ಸ್ಟಾಂಪಿನವರು ಮುಂದಿನಿಂದ ಮುಖ ಬರೆದು, ಕೆಳಗೆ ಕೊಡಗು ಅಂತ ಹಾಕಿದರೆ ನಿನಗೆ ಸಮಾಧಾನವಾ? ಆ ಸೀರೆ ಉಡಿಸೋಕೆ ಗೊತ್ತಿರೋರು ನಮ್ಮ ಮನೆಯಲ್ಲಿ ಅವ್ವ ಒಬ್ಬರೇ. ಉಳಿಯೋದು ಅವರ ಕೈಯಲ್ಲಿ. ಅವರ ಪೆಟ್ಟಿಗೆಯಲ್ಲಿ ಅಪ್ಪ ಬರೆದ ಒಂದು ಕವರ್ ಇದೆ. ಅದರ ಮೇಲೆ ನಿನ್ನ ಇದೇ ಬಂಗಾಳದ ಮದುಮಗಳು. ಮೂಗಿನ ಮೇಲೆ ಸರಿಯಾಗಿ ಕಪ್ಪು ಮುದ್ರೆ ಬಿದ್ದಿದೆ. ಅದು ನನಗಿಷ್ಟ. ಎಲ್ಲಿಂದಲೋ ಹೊರಟು ಎಲ್ಲಿಗೋ ತಲುಪಿದ ಹೆಣ್ಣು ಅದು.

ಪೊನ್ನಪ್ಪ: ಅಯ್ಯೋ, ಮುದ್ರೆ ಮುಖದ ಮೇಲೆ ಬಿದ್ದರೆ ಬೆಲೆ ಹೋಯ್ತು!

ಕಾವೇರಿ: ನೋಡಿದ್ಯಾ? ನಿನಗೆ ಬೇಕಾಗಿರೋದು ಎಲ್ಲಿಗೂ ಹೋಗದ ಮದುಮಗಳು.

ದಾಮೋದರ: 👏 ಇನ್ನೊಂದು ಮಾತು. ಕೊಡಗು ಅಂದ ಕೂಡಲೇ ಕುಪ್ಯ ಒಂದೇನಾ? ನಾವು ಅರೆಭಾಷೆ ಮಾತಾಡೋ ಗೌಡರು ಎಲ್ಲಿ ಹೋದೆವು? ಬುಡಕಟ್ಟಿನ ಯರವರು, ಕುರುಬರು?

ಪೊನ್ನಪ್ಪ: ಶುರುವಾಯ್ತು.

ದಾಮೋದರ: ಶುರು ಮಾಡಿದ್ದು ನೀನು. ಕಾಶ್ಮೀರ ಬಂತು, ನಾವು ಬರಲಿಲ್ಲ ಅಂದೆ. ನಾನೂ ಅದನ್ನೇ ಹೇಳ್ತಿದ್ದೇನೆ.

ರಝಾಕ್: ಜಗಳ ಸಾಕು. ಅಂಚೆಯವರ ಮೈ ಸ್ಟಾಂಪ್ ಇದೆ, 300 ರೂಪಾಯಿಗೆ 12. ನಮ್ಮದೇ ಫೋಟೋ ಹಾಕಿಸಬಹುದು. ಡಿಸೆಂಬರ್‌ನಲ್ಲಿ ಎಲ್ಲರೂ ಸೇರ್ತೀವಲ್ಲ, ಕರೆಯೋಲೆಗೆ ಅದನ್ನೇ ಅಂಟಿಸೋಣ.

ಕಾವೇರಿ: ಅಂಟಿಸಿದ ಮೇಲೆ ಪೋಸ್ಟ್ ಮಾಡಲೇಬೇಕು. ಆಲ್ಬಮ್‌ಗೆ ಒಂದೂ ಇಲ್ಲ.

ಪೊನ್ನಪ್ಪ: ಒಂದಾದರೂ ಬಿಡಿ!

ದಾಮೋದರ: ಫೋಟೋ ಯಾರದ್ದು?

ಪೊನ್ನಪ್ಪ: ಕಾವೇರಿ, ಅವ್ವನನ್ನು ಕೇಳಿ ನೋಡು. ಹಿಂದಿನಿಂದ ತೆಗಿ, ನೆರಿಗೆ ಕಾಣಬೇಕು.

ದಾಮೋದರ: ನಮ್ಮಮ್ಮನದ್ದೂ ಕಳಿಸ್ತೇನೆ. ಆರು ಅದು, ಆರು ಇದು.