ಕುಡಿಯುವವರ ಜೊತೆ ಬದುಕಿದವರಿಗೆ ರಾಕ್ಷಸರ ಸಿನಿಮಾ ಬೇರೆ ಥರ ಕಾಣುತ್ತದಾ?

ಬಾಗಿಲಸದ್ದು

ಮೊನ್ನೆ ರಾತ್ರಿ ನಿದ್ದೆ ಬರದೆ ‘ಕೊಲೊಸಲ್’ ಹಾಕಿಕೊಂಡೆ. 2016ರದ್ದು, ಆನ್ ಹ್ಯಾಥವೇ ಇರುವುದು. ದೈತ್ಯ ಪ್ರಾಣಿ ಊರು ತುಳಿಯುವ ಸಿನಿಮಾ, ಸುಮ್ನೆ ಟೈಂಪಾಸ್ ಅಂದುಕೊಂಡಿದ್ದೆ. ಗ್ಲೋರಿಯಾ ಅನ್ನುವವಳು ರಾತ್ರಿಯೆಲ್ಲ ಕುಡಿದು, ಬೆಳಿಗ್ಗೆ 8.05ಕ್ಕೆ ಮಕ್ಕಳ ಆಟದ ಮೈದಾನಕ್ಕೆ ಕಾಲಿಟ್ಟರೆ ಸಾಕು, ಅದೇ ಹೊತ್ತಿಗೆ ದೂರದ ಕೊರಿಯಾದ ಸೋಲ್ ನಗರದಲ್ಲಿ ಒಂದು ರಾಕ್ಷಸ ಎದ್ದು ನಿಲ್ಲುತ್ತದೆ. ಇವಳು ತಲೆ ಕೆರೆದುಕೊಂಡರೆ ಅದೂ ಕೆರೆದುಕೊಳ್ಳುತ್ತದೆ. ಇವಳು ಮುಗ್ಗರಿಸಿ ಬಿದ್ದರೆ ಅಲ್ಲಿ ಜನ ಸಾಯುತ್ತಾರೆ. ಇವಳಿಗೆ ಗೊತ್ತೇ ಇಲ್ಲ. ಎಚ್ಚರವಾದ ಮೇಲೆ ಸುದ್ದಿಯಲ್ಲಿ ನೋಡಬೇಕು.

ಅಲ್ಲಿಗೆ ನಿಲ್ಲಿಸಿಬಿಟ್ಟೆ. ನಾನು ನಾಲ್ಕು ವರ್ಷ ಕುಡಿಯುವವನ ಜೊತೆ ಇದ್ದವಳು. ಬೀಗದಲ್ಲಿ ಕೀ ಆಡುವ ಸದ್ದು ಕೇಳಿಯೇ ಆ ರಾತ್ರಿ ಹೇಗಿರುತ್ತದೆ ಅಂತ ಹೇಳುತ್ತಿದ್ದೆ. ಒಂದೇ ಸಲಕ್ಕೆ ತೂತಿಗೆ ಹೋದರೆ ನಿರಾಳ. ಮೂರು ಸಲ ಗೀರಿದರೆ ಲೈಟ್ ಆರಿಸಿ, ಮಗ್ಗುಲು ತಿರುಗಿ, ನಿದ್ದೆ ಬಂದವಳ ಹಾಗೆ ಉಸಿರಾಡುವುದು. ಬೆಳಿಗ್ಗೆ ಒಡೆದ ಲೋಟ ನೋಡಿ ‘ಇದು ಯಾವಾಗ ಒಡೆಯಿತು?’ ಅಂತ ಕೇಳುತ್ತಿದ್ದ. ನಾಟಕ ಅಲ್ಲ, ನಿಜಕ್ಕೂ ಗೊತ್ತಿರುತ್ತಿರಲಿಲ್ಲ.

ಕುಡಿತದ ಬಗ್ಗೆಯೇ ಮಾಡಿದ ಗಂಭೀರ ಸಿನಿಮಾಗಳು ನನಗೆ ಇಷ್ಟು ತಟ್ಟಿಲ್ಲ. ಅವುಗಳಲ್ಲಿ ಕುಡಿಯುವವನ ಮುಖವೇ ಜಾಸ್ತಿ. ನನಗೆ ಮಾತ್ರ ಹೀಗಾ? ಬೇರೆ ಏನು ನೋಡಲಿ?

ಹಳೇರೀಲು

‘ದಿ ಇನ್ವಿಸಿಬಲ್ ಮ್ಯಾನ್’ ನೋಡಿ, 2020ರದ್ದು. ಶುರುವಿನಲ್ಲಿ ಒಬ್ಬಳು ನಡುರಾತ್ರಿ ತನ್ನನ್ನು ಹಿಂಸಿಸುವ ಗೆಳೆಯನ ಪಕ್ಕದಿಂದ ಎದ್ದು ಮನೆ ಬಿಟ್ಟು ಹೋಗುತ್ತಾಳೆ, ಅಷ್ಟೆ. ನಾಯಿಯ ಬಟ್ಟಲಿಗೆ ಕಾಲು ತಾಗಿ ಸದ್ದಾಗುತ್ತದೆ. ನಿಮ್ಮ ಕೀ ವಿಷಯ ಓದಿ ಅದೇ ನೆನಪಾಯಿತು. ಆಮೇಲೆ ಕ್ಯಾಮೆರಾ ಆಗಾಗ ಖಾಲಿ ಮೂಲೆಯತ್ತ ತಿರುಗಿ ಅಲ್ಲೇ ನಿಂತುಬಿಡುತ್ತದೆ.

‘ದಿ ಬಾಬಡೂಕ್’ (2014) ಕುಡಿತದ್ದಲ್ಲ, ಗಂಡ ಸತ್ತ ದುಃಖದ್ದು. ಕೊನೆ ಗೊತ್ತಾಗುವುದು ಬೇಡ ಅನ್ನುವವರು ಇಲ್ಲಿಗೆ ಬಿಡಿ. ರಾಕ್ಷಸ ಸಾಯುವುದೇ ಇಲ್ಲ. ನೆಲಮಾಳಿಗೆಯಲ್ಲಿ ಉಳಿಯುತ್ತದೆ. ಅವಳೇ ಬಟ್ಟಲಲ್ಲಿ ಎರೆಹುಳ ಒಯ್ದು ಇಟ್ಟು ಬರುತ್ತಾಳೆ.

ದಿನ ಎಣಿಸುವವ

ನಾನು ಆಚೆ ಕಡೆಯವನು. ಕುಡಿಯುತ್ತಿದ್ದವನು. ಬಿಟ್ಟು ಎರಡು ವರ್ಷದ ಹತ್ತಿರ ಆಯಿತು.

ನನ್ನ ಸಿನಿಮಾ 1986ರ ‘ದಿ ಫ್ಲೈ’, ಒಬ್ಬ ವಿಜ್ಞಾನಿ ತಾನೇ ಕಟ್ಟಿದ ಯಂತ್ರದೊಳಗೆ ಹೋಗಿ ಬಂದು ಮೆಲ್ಲಗೆ ನೊಣವಾಗುವ ಕಥೆ. ಎಲ್ಲರೂ ಕಿತ್ತು ಬರುವ ಉಗುರಿನ ಬಗ್ಗೆ ಹೇಳುತ್ತಾರೆ. ನನಗೆ ಹೆದರಿಕೆ ಆಗುವುದು ಅದಕ್ಕೂ ಮುಂಚೆ. ಯಂತ್ರದಿಂದ ಹೊರಬಂದ ಆ ವಿಜ್ಞಾನಿಗೆ ಮೈಯಲ್ಲಿ ಹೊಸ ಕಸುವು. ಕಾಫಿಗೆ ಚಮಚದ ಮೇಲೆ ಚಮಚ ಸಕ್ಕರೆ ಸುರಿದುಕೊಳ್ಳುತ್ತಾ ಒಂದೇ ಸಮ ಮಾತಾಡುತ್ತಾನೆ. ನೀನೂ ಯಂತ್ರದೊಳಗೆ ಹೋಗು ಅಂತ ಗೆಳತಿಯ ಬೆನ್ನು ಬೀಳುತ್ತಾನೆ. ಒಲ್ಲೆ ಅಂದರೆ ಹೀಯಾಳಿಸುತ್ತಾನೆ. ಆ ‘ಒಳ್ಳೇ ಕಾಲ’ ನನಗೂ ಇತ್ತು. ಕುಡಿಯದವರ ಕೈಗೆ ಲೋಟ ತುರುಕುತ್ತಿದ್ದವನು ನಾನೇ.

ಕೊಂಕು

ನನಗೆ ಈ ಹೋಲಿಕೆಯೇ ಹಿಡಿಸುವುದಿಲ್ಲ. ‘ಅವನು ಒಳ್ಳೆಯವನೇ, ಒಳಗಿರುವುದು ರಾಕ್ಷಸ’ ಅಂದರೆ ಅವನು ಪಾರಾದ ಹಾಗೆ ಅಲ್ವಾ? ನಮ್ಮಮ್ಮ ಇಪ್ಪತ್ತು ವರ್ಷ ಇದನ್ನೇ ಹೇಳಿಕೊಂಡು ಬಂದರು.

ಜೆಕಿಲ್–ಹೈಡ್ ಕಥೆ ತೆಗೆದುಕೊಳ್ಳಿ, ಮರ್ಯಾದಸ್ಥ ಡಾಕ್ಟರ್ ಜೆಕಿಲ್ ಔಷಧಿ ಕುಡಿದು ದುಷ್ಟ ಹೈಡ್ ಆಗುವುದು. 1886ರ ಪುಸ್ತಕದಲ್ಲಿ ಔಷಧಿ ಕಲಸಿ ಕುಡಿಯುವವನು ಜೆಕಿಲ್ಲೇ. ಯಾರೂ ಬಾಯಿಗೆ ಸುರಿದಿಲ್ಲ. ಸಾಲದೆ ಬಂದಾಗ ಎರಡರಷ್ಟು ಹಾಕಿಕೊಳ್ಳುತ್ತಾನೆ, ಸಾಯಬಹುದು ಅಂತ ಗೊತ್ತಿದ್ದೂ ಒಮ್ಮೆ ಮೂರರಷ್ಟು. ಆಮೇಲೆ ಒಂದು ಬೆಳಿಗ್ಗೆ ಕುಡಿಯದೆಯೇ ಹೈಡ್ ಆಗಿ ಎದ್ದಿರುತ್ತಾನೆ, ಹೊದಿಕೆ ಮೇಲಿನ ತನ್ನ ಕೈ ನೋಡಿ ಗೊತ್ತಾಗುತ್ತದೆ. ಜನ ಇದೆಲ್ಲ ಬಿಟ್ಟು ‘ಒಳಗೆ ಇಬ್ಬರು’ ಅನ್ನುವುದನ್ನು ಮಾತ್ರ ಹಿಡಿದುಕೊಂಡಿದ್ದಾರೆ.

ಬಾಗಿಲಸದ್ದು

ಕೊಂಕು, ನಿಮಗೆ ಏನು ಹೇಳಬೇಕು ಅಂತ ಎರಡು ದಿನ ಹೊಳೆಯಲಿಲ್ಲ. ಅಷ್ಟರಲ್ಲಿ ‘ಕೊಲೊಸಲ್’ ಪೂರ್ತಿ ಮಾಡಿದೆ. (ನಾನೂ ಕಥೆ ಬಿಟ್ಟುಕೊಡುತ್ತಿದ್ದೇನೆ.)

ಅದರಲ್ಲಿ ಆಸ್ಕರ್ ಅಂತ ಒಬ್ಬ ಬಾಲ್ಯದ ಗೆಳೆಯ ಇದ್ದಾನೆ. ಬಾರ್ ಅವನದು. ಅವಳಿಗೆ ಕೆಲಸ ಕೊಡುತ್ತಾನೆ, ಖಾಲಿ ಮನೆಗೆ ಟಿವಿ ತಂದು ಇಡುತ್ತಾನೆ. ಎಷ್ಟು ಒಳ್ಳೆಯವನು ಅಂತ ನಾನೂ ಅಂದುಕೊಂಡೆ! ಅವಳು ಸರಿಹೋಗಲು ಹೊರಟ ಮೇಲೆ ಬಣ್ಣ ಬಯಲಾಗುತ್ತದೆ. ಆ ನಗರದಲ್ಲಿ ಅವನದೂ ಒಂದು ದೈತ್ಯ ರೋಬೋ ಎದ್ದು ನಿಲ್ಲುತ್ತದೆ. ನೀನು ಊರು ಬಿಟ್ಟರೆ ಅಲ್ಲಿನವರನ್ನು ತುಳಿಯುತ್ತೇನೆ ಅನ್ನುತ್ತಾನೆ. ಅವನ ಮೈಮೇಲೆ ಏನೂ ಬಂದಿಲ್ಲ, ಎಲ್ಲ ಗೊತ್ತಿದ್ದೇ ಮಾಡುವುದು. ‘ನೀನು ಹೋದರೆ ನಾನು ಏನು ಮಾಡುತ್ತೇನೆ ನೋಡು’ ಅನ್ನುವ ಮಾತು ನನಗೂ ಬಾಯಿಪಾಠ. ನನ್ನವನು ಅದನ್ನು ಕುಡಿಯದಿದ್ದಾಗಲೇ ಹೇಳುತ್ತಿದ್ದ. ಅಷ್ಟರ ಮಟ್ಟಿಗೆ ನೀವು ಹೇಳಿದ್ದು ಸರಿ.

ಕೊನೆಗೆ ಅವನಿಂದ ಬಿಡಿಸಿಕೊಂಡು ಅವಳು ಹೋಗಿ ಕೂರುವುದು ಇನ್ನೊಂದು ಬಾರಿನಲ್ಲಿ. ಕುಡಿಯಲು ಏನಾದರೂ ಬೇಕಾ ಅಂತ ಕೇಳುತ್ತಾರೆ. ಒಂದು ನಿಟ್ಟುಸಿರು, ಸಿನಿಮಾ ಮುಗಿಯಿತು. ನನಗೆ ನಗು ಬಂತು. ದಿನ ಎಣಿಸುವವರೇ, ನೀವು ನೋಡಿದ್ದೀರಾ?

ದಿನ ಎಣಿಸುವವ

ನೋಡಿದ್ದೇನೆ. ಜೊತೆಗಿದ್ದವರೂ ನಕ್ಕರು. ನಾನು ಎದ್ದು ಹೋಗಿ ಎರಡು ಲೋಟ ನೀರು ಕುಡಿದು ಬಂದೆ.