ಕ್ರಷರ್ ಧೂಳು, ಚರಂಡಿ ನೀರು: ನಮ್ಮ ಕಾಲೋನಿಗೆ ಸರ್ಕಾರದ ಅನುದಾನ ಯಾವ ಲೆಕ್ಕದಲ್ಲಿ ಸಿಗುತ್ತೆ?

ನಾಗಮಂಗಲ_ಸೀಮೆ:
ಎಲ್ರಿಗೂ ನಮಸ್ಕಾರ. ಮಂಡ್ಯ ಜಿಲ್ಲೆ ನಾಗಮಂಗಲ ಸೀಮೆಯ ಒಂದು ಊರು ನಮ್ದು, ಹೆಸರು ಬೇಡ. ಊರಾಚೆ ನಮ್ಮ ಎಸ್ಸಿ ಕಾಲೋನಿ, ಅದ್ರ ಹಿಂದೇನೇ ಕಲ್ಲು ಕ್ವಾರಿ, ಕ್ರಷರ್ರು. ಬೆಳಗ್ಗೆ ತೊಳ್ದು ಕವುಚಿಟ್ಟ ತಟ್ಟೆ ಮೇಲೆ ಮಧ್ಯಾನದೊತ್ಗೆ ಬೆರಳಲ್ಲಿ ಹೆಸ್ರು ಬರೀಬೋದು, ಅಷ್ಟು ಧೂಳು. ಮೇಲ್ಬೀದಿ ಚರಂಡಿ ನೀರೆಲ್ಲ ಹರ್ಕೊಂಡ್ ಬಂದು ನಮ್ಮ ಬೋರ್‌ವೆಲ್ ಪಕ್ಕದ ಗುಂಡೀಲೇ ನಿಲ್ತದೆ, ಅದೇ ಬೋರಿನ ನೀರನ್ನೇ ನಾವು ಕುಡಿಯೋದು. ಪಂಚಾಯ್ತೀಲಿ ಕೇಳಿದ್ರೆ ಫಂಡ್ ಇಲ್ಲ ಅಂತಾರೆ. ಈಗ ಯಾರೋ ಒಬ್ರು ಬಂದು ಪರಿಸರದ ಹೆಸ್ರಲ್ಲಿ ಹಿಂದುಳಿದ ಜನಕ್ಕೆ ಸೆಂಟ್ರಲ್ ಗ್ರಾಂಟ್ ಐತೆ, ಪ್ರಾಜೆಕ್ಟ್ ರಿಪೋರ್ಟ್ ಬರ್ಕೊಡ್ತೀವಿ, 25 ಸಾವಿರ ಕೊಡಿ ಅಂತವ್ರೆ. ಹುಡುಗ್ರೆಲ್ಲ ಚಂದಾ ಎತ್ತೋಕೆ ರೆಡಿ ಆಗವ್ರೆ. ನಿಜವಾಗ್ಲೂ ಅಂಥ ಗ್ರಾಂಟ್ ಐತಾ? ಗೊತ್ತಿರೋರು ದಯವಿಟ್ಟು ಹೇಳಿ.

ಮದ್ದೂರು_ಅಕ್ಕ:
ಮೊದ್ಲು ಆ ದುಡ್ಡು ಕೊಡಬೇಡಿ ಕಣಪ್ಪ. ನಾನು ಒಂದು ಅವಧಿ ಪಂಚಾಯ್ತಿ ಮೆಂಬರಾಗಿದ್ದೆ, ಅದಕ್ಕೇ ಹೇಳ್ತಿದೀನಿ. ನಿಮ್ಮ ಕೆಲಸಕ್ಕೆ ಬರೋ ದುಡ್ಡು ಯಾವ ಏಜೆಂಟ್ ಕೈಯಲ್ಲೂ ಬರಲ್ಲ, ಪಂಚಾಯ್ತಿ ಮೂಲಕ ಇಲ್ಲಾಂದ್ರೆ ಇಲಾಖೆ ಮೂಲಕಾನೇ ಬರೋದು. ಕೇಂದ್ರದಿಂದ ಪಂಚಾಯ್ತಿಗೆ ಬರೋ 15ನೇ ಹಣಕಾಸು ಆಯೋಗದ ದುಡ್ಡಲ್ಲಿ 2021ರಿಂದ 26ರವರೆಗೆ 60 ಪರ್ಸೆಂಟು ಬರೀ ಕುಡಿಯೋ ನೀರು ಮತ್ತೆ ನೈರ್ಮಲ್ಯಕ್ಕೇ ಅಂತ ಕಟ್ಟಿಟ್ಟಿದ್ರು, ಅದನ್ನ ಬೇರೆದಕ್ಕೆ ಮುಟ್ಟಂಗಿಲ್ಲ. ಹಂಗಿದ್ಮೇಲೆ ಚರಂಡಿಗೆ ಫಂಡೇ ಇಲ್ಲ ಅನ್ನೋದು ಹೆಂಗೆ? ನಿಮ್ಮ ಪಂಚಾಯ್ತಿ ಆ ದುಡ್ಡು ಎಲ್ಲಿಗೆ ಹಾಕ್ತು ಅಂತ ಆರ್‌ಟಿಐ ಹಾಕಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರು, ಬಿಪಿಎಲ್ ಕಾರ್ಡಿದ್ರೆ ಅದೂ ಬೇಡ, 30 ದಿನದಲ್ಲಿ ಉತ್ತರ ಕೊಡ್ಲೇಬೇಕು.

ಆದ್ರೆ ಅಸಲಿ ಜಾಗ ನಡಾವಳಿ ಪುಸ್ತಕ, ಅಂದ್ರೆ ಸಭೇಲಿ ಆದ ಮಾತು, ತೀರ್ಮಾನ ಬರೆಯೋ ಪುಸ್ತಕ. ವಾರ್ಡ್ ಸಭೇಲಿ ನೀವು ಗಂಟಲು ಹರ್ಕೊಂಡು ಕೇಳಿರ್ತೀರಿ, ಪುಸ್ತಕದಲ್ಲಿ ನೋಡಿದ್ರೆ "ಕಾಲೋನಿ ಅಭಿವೃದ್ಧಿ ಬಗ್ಗೆ ಚರ್ಚಿಸಲಾಯಿತು" ಅಂತ ಒಂದೇ ಸಾಲು ಇರುತ್ತೆ. ಆ ಸಾಲಿಗೆ ಮೂರು ಕಾಸಿನ ಬೆಲೆ ಇಲ್ಲ. ಚರಂಡಿ ಯಾರ ಮನೆ ಹತ್ರದಿಂದ ಎಲ್ಲಿವರ್ಗೂ, ಎಷ್ಟು ಮೀಟರು, ಬೋರ್‌ವೆಲ್ಲಿಂದ ಎಷ್ಟು ದೂರ, ಯಾವ ಅನುದಾನದಲ್ಲಿ ಅಂತ ಬರೆಸ್ಬೇಕು, ಬರೆದದ್ದನ್ನ ಅಲ್ಲೇ ಓದಿಸ್ಬೇಕು, ಆಮೇಲೆ ಸೈನು. ಖಾಲಿ ಜಾಗ ಬಿಟ್ಟು ಸೈನ್ ಹಾಕಿಸ್ಕೊಳ್ಳೋಕೆ ಬಂದ್ರೆ ಯಾರೂ ಹಾಕ್ಬೇಡಿ. ಆ ನಡಾವಳಿ ಕಾಪಿ ಇದ್ರೆ ತಾಲ್ಲೂಕು ಪಂಚಾಯ್ತೀಲೂ ಮಾತು ನಡಿಯುತ್ತೆ, ಇಲ್ಲಾಂದ್ರೆ ಎಲ್ಲೋದ್ರೂ ಬರೀ ಅರ್ಜಿ.

ಸರಸ್ವತಿಪುರಂ_ಓದುಗ:
ಅಕ್ಕ ಹೇಳಿದ್ದು ಸರಿ, ಅದಕ್ಕೆ ಎರಡು ಸೇರಿಸ್ತೀನಿ. ಒಂದು ಡಿಎಂಎಫ್, ಅಂದ್ರೆ ಜಿಲ್ಲಾ ಖನಿಜ ಪ್ರತಿಷ್ಠಾನ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಮಾಡಿ ತಂದಿದ್ದು, ಗಣಿ ನಡೆಸೋರು ಸರ್ಕಾರಕ್ಕೆ ಕೊಡೋ ರಾಯಲ್ಟಿ ಮೇಲೆ ಇಷ್ಟು ಅಂತ ಈ ನಿಧಿಗೆ ಕಟ್ಬೇಕು, ಅದು ಗಣಿಯಿಂದ ತೊಂದರೆಗೊಳಗಾದ ಊರುಗಳಿಗೇ ಖರ್ಚಾಗ್ಬೇಕು. ನಮ್ಮ ರಾಜ್ಯದಲ್ಲಿ ಕಟ್ಟಡ ಕಲ್ಲಿನ ಕ್ವಾರಿಯೋರೂ ಕಟ್ತಾರೆ. 2024ರ ಹೊಸ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ಒಳಗಿನದು ನೇರ ಬಾಧಿತ ಪ್ರದೇಶ, ಮತ್ತೆ ಕನಿಷ್ಠ 70 ಪರ್ಸೆಂಟು ಕುಡಿಯೋ ನೀರು, ಮಾಲಿನ್ಯ ನಿಯಂತ್ರಣ, ಆರೋಗ್ಯ, ಶಿಕ್ಷಣ ಇಂಥ ಆದ್ಯತೆ ಕೆಲಸಕ್ಕೇ ಹೋಗ್ಬೇಕು. ನಿಮ್ಮ ಕಾಲೋನಿ ಬೆನ್ನಿಗೇ ಕ್ವಾರಿ ಇದೆ ಅಂದ್ಮೇಲೆ ನಿಮಗಿಂತ ಮೊದಲ ಹಕ್ಕುದಾರರು ಯಾರಿದಾರೆ? ಗ್ರಾಮಸಭೆ ರೆಸಲ್ಯೂಷನ್ ಜೊತೆ ಡಿಸಿ ಆಫೀಸಿಗೂ ಗಣಿ ಮತ್ತು ಭೂವಿಜ್ಞಾನ ಇಲಾಖೆಗೂ ಕೊಡಿ.

ಇನ್ನೊಂದು ಎಸ್‌ಸಿಎಸ್‌ಪಿ ಟಿಎಸ್‌ಪಿ, ನಮ್ಮ ರಾಜ್ಯದ 2013ರ ಕಾಯ್ದೆ, ಅಭಿವೃದ್ಧಿ ಬಜೆಟ್ಟಲ್ಲಿ 24.1 ಪರ್ಸೆಂಟು ಎಸ್ಸಿ ಎಸ್ಟಿಯೋರಿಗೇ ಇಡ್ಬೇಕು ಅನ್ನೋದು. ಇದರಲ್ಲಿ 7ಡಿ ಅಂತ ಒಂದು ಕಲಂ ಇತ್ತು, ಎಲ್ಲರಿಗೂ ಮಾಡೋ ದೊಡ್ಡ ಕಾಮಗಾರಿಯಲ್ಲೂ ಒಂದು ಪಾಲನ್ನ ದಲಿತರಿಗೇ ಖರ್ಚು ಮಾಡಿದ್ವಿ ಅಂತ ತೋರಿಸ್ಕೊಳ್ಳೋಕೆ ದಾರಿ ಮಾಡಿಕೊಟ್ಟಿತ್ತು, 2023ರಲ್ಲಿ ಅದನ್ನ ತೆಗೆದ್ರು. ಆದ್ರೂ ಈ ದುಡ್ಡು ಕಾಲೋನಿಗೆ ಬಂದಾಗೆಲ್ಲ ಸಿಸಿ ರೋಡು, ಸಮುದಾಯ ಭವನ ಅಷ್ಟೇ ಆಗಿ ನಿಂತುಬಿಡುತ್ತೆ, ಗಾಳಿ ನೀರು ಅಂತ ಯಾರೂ ಕೇಳಲ್ಲ. ಕೇಳ್ಬೇಕು.

ಹಿಂದುಳಿದೋರಿಗೂ ಶುದ್ಧ ಗಾಳಿ ನೀರು ಸಿಗ್ಬೇಕು ಅನ್ನೋ ಈ ಬೇಡಿಕೇನ ಅಮೆರಿಕಾದಲ್ಲಿ ಪರಿಸರ ನ್ಯಾಯ ಅಂತಾನೇ ಕರೀತಾರೆ. 1982ರಲ್ಲಿ ನಾರ್ತ್ ಕೆರೊಲಿನಾದ ವಾರೆನ್ ಕೌಂಟೀಲಿ ಕಪ್ಪು ಜನ ಜಾಸ್ತಿ ಇದ್ದ ಕಡೆ ವಿಷದ ಮಣ್ಣು ತಂದು ಸುರಿದಾಗ ಜನ ರಸ್ತೆ ಮೇಲೆ ಮಲಗಿ ಲಾರಿ ತಡೆದ್ರು, ಆ ಹೋರಾಟ ಬೆಳೆದೂ ಬೆಳೆದೂ 2022ರಲ್ಲಿ ಇದಕ್ಕೇ ಅಂತ 300 ಕೋಟಿ ಡಾಲರ್ ಗ್ರಾಂಟ್ ಬಂತು. 2021ರಲ್ಲಿ ಜಸ್ಟಿಸ್40 ಅಂತ, ಪರಿಸರ ಯೋಜನೆಗಳ ಲಾಭದಲ್ಲಿ 40 ಪರ್ಸೆಂಟು ಹಿಂದುಳಿದ ಪ್ರದೇಶಕ್ಕೆ ಅನ್ನೋ ಅಧ್ಯಕ್ಷರ ಆದೇಶಾನೂ ಬಂದಿತ್ತು. 2025ರ ಜನವರೀಲಿ ಹೊಸ ಅಧ್ಯಕ್ಷರು ಅದನ್ನ ರದ್ದು ಮಾಡಿದ್ರು, ಮಂಜೂರಾಗಿದ್ದ ಎಷ್ಟೋ ಗ್ರಾಂಟೂ ಕ್ಯಾನ್ಸಲ್ ಆದ್ವು. ನಮ್ಮ ಹತ್ರ ಆ ಹೆಸರಿನ ನಿಧಿ ಇಲ್ಲ, ಆದ್ರೆ ಶಾಸನಸಭೆ ಪಾಸ್ ಮಾಡಿದ ಕಾಯ್ದೇನೇ ಇದೆ. ಅದನ್ನ ಬಿಡಬೇಡಿ.

ನೀರು_ಪರೀಕ್ಷೆ:
ಅರ್ಜಿ ಹಾಕೋಕೆ ಮುಂಚೆ ನೀರು ಟೆಸ್ಟ್ ಮಾಡಿಸಿ ತಮ್ಮಾ. ಜಲ ಜೀವನ್ ಮಿಷನಲ್ಲಿ ಪಂಚಾಯ್ತಿಗೆ ಕಿಟ್ ಕೊಟ್ಟಿರ್ತಾರೆ, ಊರಿಗೆ ಐದು ಜನ ಹೆಣ್ಮಕ್ಳಿಗೆ ಟ್ರೇನಿಂಗೂ ಕೊಡ್ಬೇಕು. ಆದ್ರೆ ಫೈಲಿಗೆ ಬೇಕಾಗೋದು ಜಿಲ್ಲಾ ಲ್ಯಾಬಿನ ರಿಪೋರ್ಟು, ಗ್ರಾಮೀಣ ಕುಡಿಯುವ ನೀರು ಇಲಾಖೆಯೋರ ಹತ್ರ ಮಾಡಿಸಿ. ಚರಂಡಿ ಪಕ್ಕದ ಬೋರು ಅಂದ್ರೆ ನೈಟ್ರೇಟು, ಬ್ಯಾಕ್ಟೀರಿಯಾ ಎರಡೂ ಕೇಳಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ಹಸುಗೂಸುಗಳಿಗೆ ತುಂಬ ಅಪಾಯ, ಕಾಯಿಸಿದ್ರೂ ಹೋಗಲ್ಲ ಅದು.

ಧೂಳಿನ ವಿಚಾರಕ್ಕೆ ಮಾತ್ರ ಅನುದಾನ ಕೇಳ್ಲೇಬೇಡಿ. ಮಷೀನು ಮುಚ್ಚೋದು, ಗಾಳಿ ತಡೆಗೋಡೆ, ನೀರು ಚಿಮುಕಿಸೋದು, ಒಳಗಿನ ರೋಡ್ ಗಟ್ಟಿ ಮಾಡೋದು, ಸುತ್ತ ಗಿಡ ಹಾಕೋದು, ಇವೆಲ್ಲ ಕ್ರಷರ್ ಮಾಲೀಕರು ಸ್ವಂತ ದುಡ್ಡಲ್ಲಿ ಮಾಡ್ಬೇಕಾದ್ದು, ಪರಿಸರ ಸಂರಕ್ಷಣಾ ನಿಯಮದಲ್ಲೇ ಇದೆ. ಮಷೀನಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದ್ರೆ ಧೂಳು ಘನಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು. ಕಾಲೋನಿ ಪಾಲಿನ ದುಡ್ಡಲ್ಲಿ ಅವರ ಗೋಡೆ ಕಟ್ಟಿಸೋದು ಯಾವ ನ್ಯಾಯ? ಅದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ, ಅಳತೆ ಮಾಡಿ ಅಂತ ಬರವಣಿಗೇಲಿ ಕೇಳಿ.

ನಾಗಮಂಗಲ_ಸೀಮೆ:
ತುಂಬ ಥ್ಯಾಂಕ್ಸ್ ಅಕ್ಕ, ಅಣ್ಣಂದಿರೇ. ಚಂದಾ ಎತ್ತೋದು ನಿಲ್ಲಿಸಿದೀವಿ. ಒಂದೇ ಭಯ ಏನಪ್ಪಾ ಅಂದ್ರೆ ನಮ್ಮ ಕಾಲೋನಿಯೋರೇ ಅರ್ಧಕ್ಕರ್ಧ ಜನ ಆ ಕ್ರಷರಲ್ಲೇ ಕೂಲಿಗೆ ಹೋಗ್ತಾರೆ, ನಮ್ಮಪ್ಪಾನೂ ಹೋಗೋರು, ಈಗ ಕೆಮ್ಮು ಜಾಸ್ತಿಯಾಗಿ ಮನೇಲವ್ರೆ. ದೂರು ಕೊಟ್ರೆ ನಾಳೆಯಿಂದ ಬರಬೇಡಿ ಅಂದ್ರೆ ಏನ್ ಮಾಡೋದು?

ಮದ್ದೂರು_ಅಕ್ಕ:
ಅದು ನಿಜವಾದ ಭಯ ಕಣಪ್ಪ, ಸುಮ್ನೆ ಧೈರ್ಯ ಹೇಳಿ ಹೋಗಲ್ಲ ನಾನು. ಕೂಲಿಗೆ ಹೋಗೋರ ಹೆಸ್ರಲ್ಲಿ ದೂರು ಬರೀಬೇಡಿ. ಸ್ತ್ರೀಶಕ್ತಿ ಸಂಘದ ಹೆಸ್ರಲ್ಲಿ ಬರೀರಿ, ಕ್ರಷರ್ ಮುಚ್ಚಿ ಅಂತಲ್ಲ, ನಿಯಮದ ಪ್ರಕಾರ ಧೂಳು ತಡೀರಿ ಅಂತ. ಒಳಗೆ ಕೆಲಸ ಮಾಡೋ ನಿಮ್ಮೋರೇ ಮೊದ್ಲು ಆ ಧೂಳು ಕುಡಿಯೋದು. ಎಸ್ಸಿ ಎಸ್ಟಿಯೋರಿಗೆ ಆದಾಯ ಎಷ್ಟೇ ಇರ್ಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಫ್ರೀಯಾಗಿ ವಕೀಲರನ್ನ ಕೊಡ್ತಾರೆ, ಮಂಡ್ಯ ಕೋರ್ಟಲ್ಲಿ ಕೇಳಿದ್ರೆ ತೋರಿಸ್ತಾರೆ, ದೂರು ಕೊಡೋಕೆ ಮುಂಚೇನೇ ಅವರ ಕೈಲಿ ಒಂದ್ಸಲ ಓದಿಸ್ಕೊಳ್ಳಿ. ಅಪ್ಪನ್ನ ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಕರ್ಕೊಂಡು ಹೋದಾಗ ಕಲ್ಲಿನ ಧೂಳಲ್ಲಿ ಎಷ್ಟು ವರ್ಷ ಕೆಲಸ ಮಾಡವ್ರೆ ಅಂತ ಡಾಕ್ಟ್ರಿಗೆ ಹೇಳಿ ಚೀಟೀಲಿ ಬರೆಸಿ, ಎಕ್ಸ್‌ರೇ ಜೋಪಾನ ಮಾಡಿ. ಕಲ್ಲಿನ ಧೂಳಿಂದ ಬರೋ ಶ್ವಾಸಕೋಶದ ಕಾಯಿಲೆ ಸಿಲಿಕೋಸಿಸ್‌ನ ಎಷ್ಟೋ ಕಡೆ ಬರೀ ಟಿಬಿ ಅಂತ ಬರೆದುಬಿಡ್ತಾರೆ. ಮುಂದಿನ ವಾರ್ಡ್ ಸಭೆ ಯಾವತ್ತು ಅಂತ ಪಿಡಿಒ ಹತ್ರ ಕೇಳ್ಕೊಂಡು ಇಲ್ಲೇ ಹಾಕಪ್ಪ, ಅರ್ಜಿ ನಾನೇ ನಿಂಗೆ ಬರ್ಕೊಡ್ತೀನಿ, ದುಡ್ಡು ಗಿಡ್ಡು ಏನೂ ಬೇಡ.