ಹೆನ್ರಿ ಗ್ರೋಟ್: 5ನೇಯವನದೋ 6ನೇಯವನದೋ?

ಪ್ರಶ್ನೆ: ನಮಸ್ತೆ ಸರ್, ನಾವಿರೋದು ಇಂಗ್ಲೆಂಡಲ್ಲಿ. ಹೋದ ತಿಂಗಳು ಇಲ್ಲಿನ ಹಳೇ ರಾಜರ ಕಾಲದ ಒಂದು ಬೆಳ್ಳಿ ಗ್ರೋಟ್, ಅಂದ್ರೆ ನಾಲ್ಕು ಪೆನ್ನಿ ನಾಣ್ಯ, ತಗೊಂಡೆ, ಚೀಟಿಲಿ "5ನೇ ಹೆನ್ರಿ, ಕ್ಯಾಲೆ" ಅಂತಿತ್ತು, ಪರಿಚಯದವರೊಬ್ರು ನೋಡಿ ಇದು 6ನೇ ಹೆನ್ರಿದು ಅಂದ್ರು. ನಾಣ್ಯದ ಮೇಲೆ ನಂಬರೇ ಇಲ್ಲ, ಹೆಂಗೆ ಹೇಳ್ತಾರೆ ಇವರೆಲ್ಲ? ತೂಕ 3.6 ಗ್ರಾಂ, ಫೋಟೋ ಹಾಕಿದೀನಿ. ಕಪ್ಪಾಗಿದೆ, ಊರಿಂದ ಬಂದಿರೋ ನಮ್ಮತ್ತೆ ಕೊಡು ವಿಭೂತಿ ಹಾಕಿ ಉಜ್ಜಿಕೊಡ್ತೀನಿ ಅಂತ ಬೆನ್ನು ಬಿದ್ದಿದಾರೆ.

ಉತ್ತರ: ಮೇಡಂ, ಮೊದಲು ಆ ನಾಣ್ಯ ಅತ್ತೆಯವರ ಕೈಗೆ ಸಿಗದ ಹಾಗೆ ಎತ್ತಿಡಿ 😄 ದೀಪಕ್ಕೆ ವಿಭೂತಿ ಸರಿ, ಇದಕ್ಕೆ ಬೇಡ. ಹುಣಸೆಹಣ್ಣು, ಟೂತ್‌ಪೇಸ್ಟ್ ಯಾವುದೂ ಬೇಡ. ಗುರುತು ಹಿಡಿಯೋಕೆ ನಮಗೆ ಬೇಕಾಗಿರೋದು ಸಾಸಿವೆಯಷ್ಟು ಚಿಕ್ಕ ಗುರುತುಗಳು, ಉಜ್ಜಿದ್ರೆ ಮೊದಲು ಹೋಗೋದೇ ಅವು.

4, 5, 6 ಮೂರೂ ಹೆನ್ರಿಗಳ ನಾಣ್ಯದಲ್ಲಿ ಬರೀ "ಹೆನ್ರಿಕ್" ಅಂತಷ್ಟೇ ಇರತ್ತೆ. ಮುಖ ನೋಡಿ ಏನೂ ಗೊತ್ತಾಗಲ್ಲ. 6ನೇ ಹೆನ್ರಿ 1422ರಲ್ಲಿ ರಾಜ ಆದಾಗ ಅವನಿಗಿನ್ನೂ 9 ತಿಂಗಳು, ಆದ್ರೂ ನಾಣ್ಯದಲ್ಲಿ ಮಾತ್ರ ಕಿರೀಟ ಹಾಕ್ಕೊಂಡ ದೊಡ್ಡ ಗಂಡಸೇ ಕೂತಿದಾನೆ! 5ನೇ ಹೆನ್ರಿಯ ಗ್ರೋಟಲ್ಲಿ ಸಾಮಾನ್ಯವಾಗಿ ಸಿಗೋದ್ರಲ್ಲಿ ಭುಜದ ಹತ್ರ ಒಂದು ನಕ್ಷತ್ರ ಇರತ್ತೆ, ನಿಮ್ಮ ಫೋಟೋದಲ್ಲಿ ಅದಿಲ್ಲ. ಹಿಂದಗಡೆ ಒಳಗಿನ ಸುತ್ತಲ್ಲಿ "ವಿಲ್ಲಾ ಕಲಿಸಿಯೆ" ಅಂತ ಚೆನ್ನಾಗೇ ಓದೋಕಾಗ್ತಿದೆ, ಅಂದ್ರೆ ಕ್ಯಾಲೆ. ಅದು ಫ್ರಾನ್ಸಿನ ದಡದ ಊರು, 1347ರಿಂದ 1558ರವರೆಗೆ ಇಂಗ್ಲಿಷರ ಕೈಲಿತ್ತು, ಉಣ್ಣೆ ವ್ಯಾಪಾರದ ಬೆಳ್ಳಿಯೆಲ್ಲ ಅಲ್ಲಿಗೇ ಬರ್ತಿತ್ತು, 6ನೇ ಹೆನ್ರಿ ಕಾಲದ ಮೊದಲ ವರ್ಷಗಳಲ್ಲಿ ಅಲ್ಲಿನ ಟಂಕಸಾಲೆ ಭರ್ಜರಿ ನಡೀತು. ಹಾಗಾಗಿ ನಿಮ್ಮ ಪರಿಚಯದವರು ಹೇಳಿದ್ದೇ ಸರಿ.

ಇನ್ನು 6ನೇ ಹೆನ್ರಿಲಿ ಯಾವ ವೆರೈಟಿ ಅನ್ನೋದು. ಅಕ್ಷರ ಬಿಡಿ, ಪದ ಪದದ ನಡುವೆ ಏನಿದೆ ನೋಡಿ. ಟಂಕಸಾಲೆಯವರು ಯಾವ ಕಾಲದಲ್ಲಿ ಹೊಡೆದಿದ್ದು ಅಂತ ತಮಗೇ ಗೊತ್ತಾಗ್ಲಿ ಅಂತ ಕೆಲವು ವರ್ಷಕ್ಕೊಮ್ಮೆ ಗುರುತು ಬದಲಾಯಿಸ್ತಿದ್ರು. ಮೊದಲು ಚಿಕ್ಕ ಬಳೆ, 1430ರ ಸುಮಾರಿಗೆ ಪುಟ್ಟ ಹೂವು, ಅದಾದ್ಮೇಲೆ ಪೈನ್ ಮರದ ಕಾಯಿ, ಆಮೇಲೆ ಎಲೆ ಬರತ್ತೆ. ತುಂಬಾ ಜನ ಎಡವೋದು ಎಲ್ಲಿ ಅಂದ್ರೆ ಟೊಳ್ಳು ಡೈಮಂಡ್ ಆಕಾರ ಒಂದಿರತ್ತಲ್ಲ, ಅದು ಕಂಡ ತಕ್ಷಣ ಹೂವಿನ ವೆರೈಟಿ ಅಂದ್ಬಿಡ್ತಾರೆ, ಆದ್ರೆ ಆ ಡೈಮಂಡ್ ಹೂವಿನ ಜೊತೆಗೂ ಇರತ್ತೆ ಕಾಯಿ ಜೊತೆಗೂ ಇರತ್ತೆ. ಮೊಬೈಲ್ ಟಾರ್ಚ್ ಪಕ್ಕದಿಂದ, ನಾಣ್ಯಕ್ಕೆ ಸಮವಾಗಿ ಮಲಗಿಸಿ ಹಿಡಿದು ಎರಡೂ ಕಡೆ ಫೋಟೋ ಹಾಕಿ. ಹೂವು ದುಂಡಗೆ, ಕಾಯಿ ಸ್ವಲ್ಪ ಉದ್ದಕ್ಕೆ, ಕೆಳಗೆ ತೊಟ್ಟು.

ತೂಕ ಆಗ 3.89 ಗ್ರಾಂ ಇರಬೇಕಿತ್ತು, ಸವೆದಿದೆ, ಅಂಚು ಒಂಚೂರು ಕತ್ತರಿಸಿರಬಹುದು, ಚಿಂತೆ ಇಲ್ಲ.

ಇನ್ನೊಬ್ಬರು: ಸರ್ ನನ್ನ ಹತ್ರಾನೂ ಕ್ಯಾಲೆದೇ ಒಂದಿದೆ, ಕತ್ತಿನ ಎರಡೂ ಪಕ್ಕ ಬಳೆ ಇದೆ.

ಉತ್ತರ: ಅದೇ ಮೊದಲನೇದು, ಬಳೆ ವೆರೈಟಿ, ತುಂಬಾ ಸಿಗತ್ತೆ. ಹಿಂದೆ ಮೂರು ಮೂರು ಚುಕ್ಕೆ ಇರೋ ನಾಲ್ಕು ಭಾಗದಲ್ಲಿ ಎರಡರಲ್ಲಿ ಬಳೆ ಇದ್ಯಾ ನೋಡಿ.

ಪ್ರಶ್ನೆ ಕೇಳಿದವರು: ಸರ್ ಟಾರ್ಚ್ ಹಿಡಿದು ನೋಡ್ದೆ, ತಲೆ ಕೆಟ್ಟೋಯ್ತು. ರಾಜನ ಕಡೆ ಗ್ಯಾರಂಟಿ ಹೂವು, ಹಿಂದುಗಡೆ ನೋಡಿದ್ರೆ ಕಾಯಿ ಥರ ಇದೆ, ತೊಟ್ಟೂ ಕಾಣತ್ತೆ. ನಕಲಿ ಕೊಟ್ಬಿಟ್ರಾ?

ಉತ್ತರ: ಹೊಸ ಫೋಟೋ ನೋಡ್ದೆ, ನಿಮ್ಮ ಕಣ್ಣು ಸರಿಯಾಗೇ ಇದೆ. ಇದೊಂದೇ ಕಾರಣಕ್ಕೆ ನಕಲಿ ಅನ್ನೋ ಹಂಗಿಲ್ಲ. ಆಗ ಬೆಳ್ಳಿ ತುಂಡನ್ನ ಎರಡು ಅಚ್ಚಿನ ನಡುವೆ ಇಟ್ಟು ಸುತ್ತಿಗೆಲಿ ಹೊಡೆದು ನಾಣ್ಯ ಮಾಡ್ತಿದ್ರು. ಕೆಳಗಿನ ಅಚ್ಚು ಮರದ ದಿಮ್ಮಿಲಿ ಕೂತಿರತ್ತೆ, ಸುತ್ತಿಗೆ ಏಟು ನೇರ ಬೀಳೋದು ಮೇಲಿನ ಅಚ್ಚಿಗೆ, ಅದಕ್ಕೇ ಅದು ಬೇಗ ಹೋಗತ್ತೆ. ರಾಜನ ಮುಖ ಕೆಳಗಿನ ಅಚ್ಚಲ್ಲಿರತ್ತೆ. ಹೊಸ ಗುರುತಿನ ಮೇಲಚ್ಚು ಬಂದಾಗ ಹಳೇ ಮುಖದ ಅಚ್ಚು ಇನ್ನೂ ಗಟ್ಟಿಯಾಗೇ ಇದ್ರೆ ಬಿಸಾಕೋದ್ಯಾಕೆ ಅಂತ ಹಂಗೇ ಹೊಡೀತಾ ಹೋಗೋರು. ಇಂಥ ಜೋಡಿಗೆ ನಾಣ್ಯದವರು ಮ್ಯೂಲ್ ಅಂತಾರೆ, ಹೇಸರಗತ್ತೆ. ಚೀಟಿಲಿ "6ನೇ ಹೆನ್ರಿ, ಕ್ಯಾಲೆ, ಮುಂದೆ ಹೂವು ಹಿಂದೆ ಕಾಯಿ" ಅಂತ ಬರೆದಿಡಿ.

ಪ್ರಶ್ನೆ ಕೇಳಿದವರು: ಅತ್ತೆಗೆ ಓದಿ ಹೇಳ್ದೆ ಸರ್. ಕತ್ತೆ ಆದ್ರೇನು, ಒಂದ್ಸಲ ತೊಳೀಬಹುದಲ್ಲ ಅಂದ್ರು.